ಐದನೆಯ ಕುಳಿ

ನನ್ನ ಹೆಸರು ಕರಿಬಸಪ್ಪ. ಗಂಗಾವತಿ ಕಡೆಯ ಒಂದು ಕಾಲುವೆ ಕಚೇರಿಯಲ್ಲಿ ಮೂವತ್ತಮೂರು ವರ್ಷ ನಕ್ಷೆ ಬರೆದು, ಬಣ್ಣ ಹಚ್ಚಿ, ಹೆಡ್ ಡ್ರಾಫ್ಟ್ಸ್‌ಮನ್ ಆಗಿ ನಿವೃತ್ತನಾದವನು. ನನ್ನ ಕಣ್ಣಿಗೆ ಕೆಂಪು ಮತ್ತು ಹಸಿರು ಒಂದೇ. ಹುಟ್ಟಿನಿಂದ ಹೀಗೆ. ಈ ಎರಡು ಸಂಗತಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ನಿಮಗೆ ನಗು ಬರಬಹುದು. ನಗಿರಿ, ಬೇಡವೆನ್ನುವುದಿಲ್ಲ. ಆ ಕುರ್ಚಿಯಲ್ಲಿ ಕುಳಿತವನಿಗೆ ಮಾತ್ರ ಒಂದು ದಿನವೂ ನಗು ಬರಲಿಲ್ಲ.

ನನ್ನ ಊರು ಅಳವಂಡಿ. ಏಳೆಂಟು ವರ್ಷದವನಿದ್ದಾಗ ಅಪ್ಪ ಮೆಣಸಿನಕಾಯಿ ಹೊಲಕ್ಕೆ ಕರೆದುಕೊಂಡು ಹೋಗಿ, ಹಣ್ಣಾದದ್ದನ್ನಷ್ಟೇ ಬಿಡಿಸು ಎಂದ. ನಾನು ಉತ್ಸಾಹದಿಂದ ಬುಟ್ಟಿ ತುಂಬ ಬಿಡಿಸಿದೆ. ನೋಡಿದರೆ ಅರ್ಧ ಕಾಯಿ, ಅರ್ಧ ಹಣ್ಣು. "ಕಣ್ಣ ಎಲ್ಲಿ ಇಟ್ಟೀಯಲೇ?" ಎಂದು ಅಪ್ಪ ಕಿವಿ ಹಿಂಡಿದ. ನಾನು ಬೇಕೆಂದೇ ಚೇಷ್ಟೆ ಮಾಡಿದ್ದೇನೆಂದು ಅವನು ತಿಳಿದ, ನಾನೂ ಹಾಗೇ ಒಪ್ಪಿಕೊಂಡೆ. ಕಣ್ಣು ನೆಟ್ಟಗಿಲ್ಲದವನು ಅನ್ನಿಸಿಕೊಳ್ಳುವುದಕ್ಕಿಂತ ತುಂಟ ಅನ್ನಿಸಿಕೊಳ್ಳುವುದೇ ವಾಸಿ ಎಂದು ಅಷ್ಟು ಸಣ್ಣ ವಯಸ್ಸಿಗೇ ನನಗೆ ಗೊತ್ತಾಗಿತ್ತು.

ಹೈದರಾಬಾದ್ ಸರ್ಕಾರದ ಕಾಲದಲ್ಲಿ, ಅಣೆಕಟ್ಟು ಏಳುತ್ತಿದ್ದಾಗ, ಅಕ್ಷರ ದುಂಡಗಿದೆ ಎಂಬ ಒಂದೇ ಕಾರಣಕ್ಕೆ ನನ್ನನ್ನು ನಕ್ಷೆಯ ಕೆಲಸಕ್ಕೆ ತೆಗೆದುಕೊಂಡರು. ಡಾಕ್ಟರು ನಾಲಿಗೆ ನೋಡಿದರು, ಹಲ್ಲು ನೋಡಿದರು, ಗೋಡೆಯ ಮೇಲಿನ ಅಕ್ಷರ ಓದಿಸಿದರು. ಬಣ್ಣ ಕೇಳಲಿಲ್ಲ. ಕೇಳುತ್ತಾರೆಂದು ಹಿಂದಿನ ದಿನವೆಲ್ಲ ನನಗೆ ಅನ್ನ ಇಳಿದಿರಲಿಲ್ಲ. ಕೇಳದೆ ಬಿಟ್ಟರಲ್ಲ ಎಂದು ಅಂದು ಖುಷಿಪಟ್ಟೆ. ಕೇಳಿದ್ದರೆ ಒಳ್ಳೆಯದಿತ್ತು ಎಂದು ಈಗ ಅನ್ನಿಸುತ್ತದೆ.

ಆಗ ನಕ್ಷೆಗೆ ಹಚ್ಚುತ್ತಿದ್ದದ್ದು ಕಡ್ಡಿ ಬಣ್ಣ. ಬೆರಳುದ್ದದ ಗಟ್ಟಿ ಕಡ್ಡಿ, ಮೈಗೆ ಕಾಗದದ ಸುತ್ತು, ಸುತ್ತಿನ ಮೇಲೆ ಇಂಗ್ಲಿಷಿನಲ್ಲಿ ಬಣ್ಣದ ಹೆಸರು. ಸುತ್ತು ಬಿಚ್ಚಿ, ಬ್ಲೇಡನ್ನು ಚಿಮಣಿ ದೀಪದ ಮೇಲೆ ಬಿಸಿ ಮಾಡಿ, ಕಡ್ಡಿಯನ್ನು ತುಂಡು ಮಾಡಬೇಕು. ತುಂಡನ್ನು ಒದ್ದೆ ಬಟ್ಟೆಯ ಮೇಲೆ ಸ್ವಲ್ಪ ಹೊತ್ತು ಇಟ್ಟರೆ ಅಡಿ ಮೆತ್ತಗಾಗುತ್ತದೆ. ಆಗ ಅದನ್ನು ಪ್ಯಾಲೆಟ್ಟಿನ, ಅಂದರೆ ಬಣ್ಣದ ತಟ್ಟೆಯ, ಕುಳಿಯಲ್ಲಿಟ್ಟು ಹೆಬ್ಬೆರಳಿನಿಂದ ಒತ್ತಬೇಕು. ಮೂಲೆಯ ಸಂದಿಗಳಿಗೆ ಕಡ್ಡಿಯಿಂದ ಉದುರಿದ ಪುಡಿ ತುಂಬಿ ಎರಡು ಹನಿ ನೀರು ಬಿಡಬೇಕು. ನಮ್ಮ ಕಡೆಯ ಬಿಸಿಲಿಗೆ ಅದು ಬಿರುಕು ಬಿಟ್ಟು ಕಳಚಿಕೊಳ್ಳುತ್ತದೆ, ಅದಕ್ಕೆ ಒಂದು ಹನಿ ಜೇನುತುಪ್ಪ ಸೇರಿಸುತ್ತಿದ್ದೆವು. ಒದ್ದೆ ಬಟ್ಟೆ ಮುಚ್ಚಿಟ್ಟರೆ ಮರುದಿನಕ್ಕೆ ಪ್ಯಾಲೆಟ್ ಸಿದ್ಧ. ಬ್ರಶ್ ನೀರಿಗದ್ದಿ ಮೇಲೆ ಆಡಿಸಿದರೆ ಬಣ್ಣ ಬರುತ್ತದೆ.

ನಮ್ಮ ಕಚೇರಿಯಲ್ಲಿ ಪ್ಯಾಲೆಟ್ಟಿಗೆ ತಾಟು ಅನ್ನುತ್ತಿದ್ದರು. ಬಿಳಿ ಎನಾಮಲ್ಲಿನ ತಗಡಿನ ತಾಟು, ಒಂದೇ ಸಾಲಿನಲ್ಲಿ ಆರು ಕುಳಿ. ಒಂದನೆಯದು ಹಳದಿ, ಎರಡನೆಯದು ನೀಲಿ, ಮೂರು ಕಂದು, ನಾಲ್ಕು ಕಪ್ಪು, ಐದು ಕೆಂಪು, ಆರು ಹಸಿರು. ಹಳದಿ ಮತ್ತು ನೀಲಿ ನನಗೆ ಎಲ್ಲರಂತೆಯೇ ಕಾಣುತ್ತವೆ. ಕಂದು ಮತ್ತು ಕಪ್ಪನ್ನು ಹೇಗೋ ಹಿಡಿಯುತ್ತೇನೆ. ಐದು ಮತ್ತು ಆರು ಮಾತ್ರ ನನ್ನ ಪಾಲಿಗೆ ಒಂದೇ ಕೆಸರು. ಒಂದು ತುಸು ಗಾಢ, ಒಂದು ತುಸು ತಿಳಿ, ಅದೂ ನೀರು ಎಷ್ಟು ಬೆರೆಯಿತು ಅನ್ನುವುದರ ಮೇಲೆ. ಹೀಗಾಗಿ ನಾನು ಬಣ್ಣವನ್ನು ನೋಡಿ ಹಚ್ಚಿದವನಲ್ಲ, ಕುಳಿ ಎಣಿಸಿ ಹಚ್ಚಿದವನು. ನಕ್ಷೆಯಲ್ಲಿ ಸರ್ಕಾರ ತೆಗೆದುಕೊಳ್ಳುವ ಹೊಲ ಕೆಂಪು, ಬಿಡುವ ತೋಟ ಹಸಿರು. ಆ ಎರಡೇ ನನಗೆ ಕಾಣದ ಬಣ್ಣ, ಆ ಎರಡೇ ಜನರಿಗೆ ಬೇಕಾದ ಬಣ್ಣ.

ತಾಟು ತುಂಬುವ ಕೆಲಸವನ್ನು ನಾನು ಯಾರಿಗೂ ಕೊಡುತ್ತಿರಲಿಲ್ಲ. ಒಂದು ಕಡ್ಡಿಯ ಸುತ್ತು ಬಿಚ್ಚಿದರೆ ಅದನ್ನು ಕುಳಿಗೆ ತುಂಬಿ, ಕೈ ತೊಳೆದು, ಆಮೇಲೆಯೇ ಇನ್ನೊಂದು. ಸುತ್ತಿಲ್ಲದ ಎರಡು ಕಡ್ಡಿ ಮೇಜಿನ ಮೇಲೆ ಒಟ್ಟಿಗೆ ಇರಕೂಡದು. ಉಳಿದ ಚೂರನ್ನು ಮತ್ತೆ ಅದೇ ಸುತ್ತಿನಲ್ಲಿ ಸುತ್ತಿಡುತ್ತಿದ್ದೆ. ಯಾರಾದರೂ ತಾಟಿಗೆ ಕೈ ಹಾಕಿದರೆ ಮೈಮೇಲೆ ಏರಿ ಹೋಗುತ್ತಿದ್ದೆ. ಕಚೇರಿಯವರು ಇದಕ್ಕೆ ಮಡಿ ಎಂದು ಹೆಸರಿಟ್ಟರು. ಜವಾನ ಗಾದಿಲಿಂಗಪ್ಪನಂತೂ ಹೊಸಬರು ಬಂದರೆ ಸಾಕು, "ಕರಿಬಸಪ್ಪ ಸರ್ ತಾಟ ಮುಟ್ಟಬ್ಯಾಡ್ರಿ, ಮಡಿ ಕೆಡತೈತಿ" ಎಂದು ನಗುತ್ತಿದ್ದ. ನನಗೆ ಅದು ಅನುಕೂಲವೇ ಆಯಿತು. ಹೆಂಡತಿ ಪಾರ್ವತೆಮ್ಮ ಒಬ್ಬಳಿಗೆ ನಿಜ ಗೊತ್ತಿತ್ತು. ಅನುಮಾನ ಬಂದಾಗ ಒಂದು ಚೀಟಿಗೆ ಬಣ್ಣ ಹಚ್ಚಿ ಮನೆಗೆ ಒಯ್ಯುತ್ತಿದ್ದೆ, ಆಕೆ ಒಲೆಯ ಮುಂದೆ ಕುಳಿತೇ "ಕೆಂಪು" ಅಥವಾ "ಹಸರು" ಎಂದು ಹೇಳುತ್ತಿದ್ದಳು.

ಎಪ್ಪತ್ತಾರನೆಯ ಇಸವಿಯ ಬೇಸಿಗೆ ಅದು. ತುರ್ತು ಪರಿಸ್ಥಿತಿಯ ಕಾಲ. ಕಚೇರಿಗಳಲ್ಲಿ ಗಟ್ಟಿಯಾಗಿ ಕೆಮ್ಮುವುದಕ್ಕೂ ಜನ ಹೆದರುತ್ತಿದ್ದರು. ಐವತ್ತು ದಾಟಿದವರಲ್ಲಿ ಕೆಲಸಕ್ಕೆ ಬಾರದವರನ್ನು ಮನೆಗೆ ಕಳಿಸುವ ಪಟ್ಟಿಯೊಂದು ತಯಾರಾಗುತ್ತಿದೆ ಎಂದು ಸುದ್ದಿಯಿತ್ತು. ನನಗೆ ಐವತ್ತೊಂದು. ನಮ್ಮ ದೊಡ್ಡ ಸಾಹೇಬರು ಕೊಟ್ರಪ್ಪನವರು ಯಾರ ಮುಖವನ್ನಾದರೂ ತುಸು ಹೆಚ್ಚು ಹೊತ್ತು ನೋಡಿದರೆ ಅವನು ಅಂದು ಊಟ ಬಿಡುತ್ತಿದ್ದ. ನನ್ನ ಕಣ್ಣಿನ ವಿಷಯ ಹೊರಬಿದ್ದರೆ ಪಟ್ಟಿಯಲ್ಲಿ ನನ್ನದೇ ಮೊದಲ ಹೆಸರು. ಇಪ್ಪತ್ತಾರು ವರ್ಷ ಸರ್ಕಾರಕ್ಕೆ ಮೋಸ ಮಾಡಿದ ಎಂದರೆ ಪಿಂಚಣಿಯೂ ಇಲ್ಲ. ಬೆಳಗಾಗೆದ್ದರೆ ಇದೇ ಯೋಚನೆ.

ಅದೇ ಹೊತ್ತಿಗೆ ಬಾಷಾಬಿ ನಕ್ಷೆಯ ಪ್ರತಿ ತೆಗೆಯುವ ಟ್ರೇಸರ್ ಆಗಿ ಬಂದಳು. ಇಪ್ಪತ್ತೆರಡರ ಹುಡುಗಿ, ಕೊಪ್ಪಳದವಳು, ಚಿತ್ರಕಲೆಯ ಪರೀಕ್ಷೆ ಪಾಸು ಮಾಡಿದ್ದಳು. ತಂದೆ ತೀರಿಕೊಂಡಿದ್ದರು. ತಾಯಿ ಗೌಸಬೀ ಜೊತೆಗೆ ಕಚೇರಿಯ ಹಿಂದಿನ ಓಣಿಯಲ್ಲಿ ಒಂದು ಬಾಡಿಗೆ ಖೋಲಿ ಮಾಡಿಕೊಂಡಿದ್ದಳು. ಹಂಗಾಮಿ ಕೆಲಸ, ಸಾಹೇಬರು ಬೇಡವೆಂದರೆ ಮರುದಿನವೇ ಇಲ್ಲ. ಕೈ ಬಹಳ ಶುದ್ಧ, ಗೆರೆ ಎಳೆದರೆ ಎರಡನೆಯ ಸಲ ನೋಡಬೇಕಾಗಿರಲಿಲ್ಲ. ನನ್ನನ್ನು ಕಂಡರೆ ಎದ್ದು ನಿಲ್ಲುತ್ತಿದ್ದಳು. ಅವಳ ಕಣ್ಣು ಚುರುಕಾಗಿತ್ತು, ನನಗೆ ಅದೊಂದೇ ಹಿಡಿಸುತ್ತಿರಲಿಲ್ಲ.

ಏಪ್ರಿಲ್‌ನಲ್ಲಿ ಅತ್ತೆಗೆ ಜಡ್ಡು ಎಂದು ಸುದ್ದಿ ಬಂತು. ನಾನು ನಾಲ್ಕು ದಿನ ರಜೆ ಹಾಕಿ ಪಾರ್ವತೆಮ್ಮನನ್ನು ಕರೆದುಕೊಂಡು ಕುಕನೂರಿಗೆ ಹೋದೆ. ಅತ್ತೆ ಏಳುವ ಹಾಗಿರಲಿಲ್ಲ, ಹೆಂಡತಿಯನ್ನು ಅಲ್ಲೇ ಬಿಟ್ಟು ಸೋಮವಾರ ಬೆಳಗಿನ ಬಸ್ಸಿಗೆ ಒಬ್ಬನೇ ಬಂದು ನೇರ ಕಚೇರಿಗೆ ಹೋದೆ. ಮೇಜಿನ ಮೇಲೆ ನನ್ನ ತಾಟು ಫಳಫಳ ಹೊಳೆಯುತ್ತಿತ್ತು. ಆರೂ ಕುಳಿಗಳು ತುಂಬಿದ್ದವು, ಅಂಚಿನಲ್ಲಿ ಒಂದು ಕಲೆಯಿಲ್ಲ.

ಯಾರೋ ತಾಟಿಗೆ ಕೈ ಹಾಕಿದ್ದರು. ಬಾಷಾಬಿ ಎದ್ದು ನಿಂತಳು.

"ಸರ್, ತಾಟಿನ್ಯಾಗಿನ ಬಣ್ಣ ಎಲ್ಲಾ ಬಿರುಕು ಬಿಟ್ಟು ಉದರಾಕತ್ತಿತ್ರಿ. ಇವತ್ತ ನಕ್ಷಾ ಹೋಗಬೇಕಂತ ಸಾಹೇಬ್ರು ಹೇಳಿ ಕಳಿಸಿದ್ರು. ನೀವು ಬಂದ ಕೂಡ್ಲೆ ಕೆಲಸಕ್ಕ ಆಗ್ಲಿ ಅಂತ ನಿನ್ನೆ ಬಂದು ತೊಳದು ತುಂಬೀನ್ರಿ."

ಭಾನುವಾರ ಬಂದು ಕೆಲಸ ಮಾಡಿದ್ದಳು, ಪುಣ್ಯಾತಗಿತ್ತಿ. ಅವಳ ಮುಖದಲ್ಲಿ ಶಹಬ್ಬಾಸಗಿರಿಗೆ ಕಾದ ಕಳೆಯಿತ್ತು. ನಾನು "ಹೂಂ" ಎಂದಷ್ಟೇ ಹೇಳಿ ಕುಳಿತೆ. ಬಯ್ಯುವುದಕ್ಕೂ ಧೈರ್ಯ ಸಾಲಲಿಲ್ಲ. ಬೈದರೆ ಯಾಕೆ ಎಂದು ಯಾರಾದರೂ ಕೇಳಬಹುದು.

ನಕ್ಷೆ ಮೇಜಿನ ಮೇಲೆಯೇ ಇತ್ತು. ಒಂದು ಸಣ್ಣ ಹಳ್ಳಿಯದು, ಹೆಸರು ಹೇಳಲು ಈಗಲೂ ನನಗೆ ನಾಚಿಕೆ. ಮಧ್ಯಾಹ್ನ ಮೂರು ಗಂಟೆಯ ಒಳಗೆ ಬಣ್ಣ ಹಚ್ಚಿ ಸುತ್ತಿಡಬೇಕು, ಸಾಹೇಬರ ಜೀಪು ಬಂದು ಒಯ್ಯುತ್ತದೆ, ಮರುದಿನ ಊರ ಚಾವಡಿಯಲ್ಲಿ ಅದನ್ನು ತೂಗುಹಾಕಿ ಯಾರ ಹೊಲ ಹೋಗುತ್ತದೆ, ಯಾರದು ಉಳಿಯುತ್ತದೆ ಎಂದು ಜನರಿಗೆ ತೋರಿಸುತ್ತಾರೆ. ಜಿಲ್ಲೆಯ ಅಧಿಕಾರಿಗಳೂ ಬರುವವರಿದ್ದರು.

ತಾಟನ್ನು ನೋಡಿದೆ. ಒಂದನೆಯ ಕುಳಿ ಹಳದಿ, ಎರಡನೆಯದು ನೀಲಿ, ಅಷ್ಟು ಕಂಡಿತು. ಮೂರು, ನಾಲ್ಕೂ ಸರಿಯಿದ್ದ ಹಾಗಿತ್ತು. ನನ್ನ ಕ್ರಮವನ್ನೇ ಹಿಡಿದಿದ್ದಾಳೆ ಅನ್ನಿಸಿತು. ಆದರೆ ಐದು? ಆರು? ಹಿಡಿದಿದ್ದಾಳೆ ಎಂದು ಯಾರು ಹೇಳಬೇಕು? ಕಡ್ಡಿಯ ಸುತ್ತುಗಳಾದರೂ ಸಿಕ್ಕಾವು ಎಂದು ಕಸದ ಬುಟ್ಟಿ ನೋಡಿದೆ, ಖಾಲಿ. ಗಾದಿಲಿಂಗಪ್ಪನನ್ನು ಕೇಳಿದೆ.

"ಅವನ್ನೆಲ್ಲ ಮುಂಜಾನೆನ ಸುಟ್ಟೇನ್ರಿ. ಯಾಕ್ರಿ ಸರ್, ಏನರ ಕಳದೈತೇನು?"

"ಏನಿಲ್ಲ" ಎಂದೆ. ಬಣ್ಣದ ಕಡ್ಡಿಗಳ ಡಬ್ಬಿ ತೆಗೆದು ನೋಡಿದೆ. ಹೊಸ ಕಡ್ಡಿ ಒಂದೂ ಉಳಿದಿರಲಿಲ್ಲ. ತಳದಲ್ಲಿ ಮೂರು ಚೂರು ಬಿದ್ದಿದ್ದವು, ಮೂರಕ್ಕೂ ಸುತ್ತಿಲ್ಲ. ಡಬ್ಬಿ ಮುಚ್ಚಿಟ್ಟೆ.

ಅವಳನ್ನೇ ಕೇಳಬಹುದಿತ್ತು. "ಕೆಂಪು ಯಾವುದವ್ವಾ?" ಎಂಬ ಎರಡೂವರೆ ಮಾತು. ಆದರೆ ಹೆಡ್ ಡ್ರಾಫ್ಟ್ಸ್‌ಮನ್ ಆದವನು ಕಣ್ಣ ಮುಂದೆ ತಾಟು ಇಟ್ಟುಕೊಂಡು ಕೆಂಪು ಯಾವುದು ಎಂದು ಕೇಳಿದರೆ ಅದು ಸಂಜೆಯೊಳಗೆ ಕಚೇರಿಯೆಲ್ಲ ಹರಡುತ್ತದೆ. ಸುತ್ತುಬಳಸಿ ಕೇಳಿದೆ.

"ಕೆಂಪು ಏನರ ಉಳೀತೇನು?"

"ಇಲ್ರಿ ಸರ್, ಒಂದ ಚೂರನೂ ಉಳೀಲಿಲ್ಲ. ಕುಳಿ ತುಂಬ ಹಾಕೀನ್ರಿ" ಎಂದಳು, ತಲೆ ಎತ್ತದೆ, ಗೆರೆ ಎಳೆಯುತ್ತಲೇ. ಆಮೇಲೆ ತಲೆ ಎತ್ತಿ ನನ್ನನ್ನು ನೋಡಿದಳು. ಬರೀ ನೋಡಿದಳು, ಅಷ್ಟೇ. ಆದರೆ ಆ ನೋಟ ನನಗೆ ಒಂದು ಗಳಿಗೆ ಹೆಚ್ಚು ಅನ್ನಿಸಿತು. ಎರಡನೆಯ ಪ್ರಶ್ನೆ ನಾಲಿಗೆಯ ಮೇಲೆ ಬಂದದ್ದು ಅಲ್ಲೇ ಒಣಗಿಹೋಯಿತು.

ಐದನೆಯ ಕುಳಿಯ ಬಣ್ಣವನ್ನು ಒಂದು ಚೀಟಿಗೆ ಹಚ್ಚಿ ಜೇಬಿನಲ್ಲಿಟ್ಟುಕೊಂಡು ಹೊರಗೆ ಬಿದ್ದೆ. ಪಾರ್ವತೆಮ್ಮ ಇದ್ದಿದ್ದರೆ ಎರಡು ನಿಮಿಷದ ಕೆಲಸ. ಆಕೆ ಕುಕನೂರಿನಲ್ಲಿ ತಾಯಿಯ ಕಾಲು ತಿಕ್ಕುತ್ತ ಕುಳಿತಿದ್ದಾಳೆ. ಬಿಸಿಲು ನೆತ್ತಿ ಸುಡುತ್ತಿತ್ತು. ದಾರಿಯಲ್ಲಿ ಹೋಗುವವರನ್ನು ನಿಲ್ಲಿಸಿ ಇದು ಯಾವ ಬಣ್ಣ ಎಂದು ಕೇಳಬೇಕೆ? ಎಲ್ಲರೂ ಪರಿಚಯದವರೇ. ಕೊನೆಗೆ ಕಚೇರಿಯ ಎದುರಿನ ಕನಕಪ್ಪನ ಚಹಾದ ಅಂಗಡಿಗೆ ಹೋಗಿ ಕುಳಿತೆ. ಅವನು ನನಗೆ ಹದಿನೈದು ವರ್ಷದಿಂದ ಚಹಾ ಕೊಟ್ಟವನು, ನಾನು ಹೋದರೆ ಹೆಗಲ ಮೇಲಿನ ಟವೆಲ್ಲಿನಿಂದ ಬೆಂಚು ಒರೆಸುತ್ತಿದ್ದವನು.

ಚೀಟಿ ತೆಗೆದು ಹಿಡಿದೆ.

"ಕನಕಪ್ಪ, ನೋಡಿಲ್ಲೆ. ಈ ಸಲ ಕೆಂಪು ಛಲೋ ಬಂದೈತಲ್ಲ?"

ಅವನು ಹಾಲು ತಿರುವುತ್ತಿದ್ದ. ಕುತ್ತಿಗೆ ಹೊರಳಿಸಿದ.

"ಭಾಳ ಛಲೋ ಬಂದೈತ್ರಿ ಸಾಹೇಬ್ರ. ನೀವು ಮಾಡಿದ್ದಂದ್ರ ಕೇಳ್ಬೇಕೇನ್ರಿ!"

ನನಗೆ ಹೋದ ಜೀವ ಬಂದಂತಾಯಿತು. ಎರಡು ಕಪ್ ಚಹಾ ಕುಡಿದೆ.

ಈಗ ಹೇಳುತ್ತೇನೆ, ನನ್ನಂಥ ದಡ್ಡ ಇನ್ನೊಬ್ಬನಿಲ್ಲ. ನಮ್ಮ ಕಡೆ ಸಾಹೇಬ ಅನ್ನಿಸಿಕೊಂಡವನು ಕತ್ತೆಯನ್ನು ತೋರಿಸಿ ಕುದುರೆ ಛಲೋ ಐತಲ್ಲ ಎಂದರೆ, ಭಾಳ ಛಲೋ ಐತ್ರಿ ಅನ್ನುವುದೇ ಮರ್ಯಾದೆ. ಅಲ್ಲ ಅನ್ನುವುದು ನಮ್ಮವರ ಬಾಯಲ್ಲಿ ಬರುವುದಿಲ್ಲ. ಅದು ನನಗೆ ಗೊತ್ತಿರಲಿಲ್ಲವೆ? ಗೊತ್ತಿತ್ತು. ನಾನೂ ಸಾಹೇಬರ ಮುಂದೆ ಹಾಗೇ ಅನ್ನುತ್ತಿದ್ದವನು. ಆದರೆ ಅಂದು ಯಾರಾದರೂ ಒಬ್ಬರು ಕೆಂಪು ಅನ್ನಬೇಕಾಗಿತ್ತು, ಅವನು ಹೂಂ ಅಂದ, ನನಗೆ ಸಾಕಾಯಿತು.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದರು. ಬಾಷಾಬಿಯೂ ಮನೆಗೆ ಹೋದಳು. ಗಾದಿಲಿಂಗಪ್ಪ ಜಗಲಿಯ ಮೇಲೆ ಟವೆಲ್ ಹಾಸಿ ಮಲಗಿದ. ನಾನು ಬಣ್ಣ ಹಚ್ಚುತ್ತಿದ್ದದ್ದು ಯಾವಾಗಲೂ ಆ ಹೊತ್ತಿಗೇ, ಯಾರ ಕಣ್ಣೂ ಇಲ್ಲದಾಗ. ಐದನೆಯ ಕುಳಿಯಿಂದ ತೆಗೆದು ಹೋಗುವ ಹೊಲಗಳಿಗೆ ಹಚ್ಚಿದೆ, ಆರನೆಯದರಿಂದ ತೆಗೆದು ತೋಟಗಳಿಗೆ. ಹೊಲದ ಸರ್ವೆ ನಂಬರು ಒಂದೂ ತಪ್ಪಲಿಲ್ಲ, ಅಂಚು ಎಲ್ಲೂ ಹರಿಯಲಿಲ್ಲ. ಒಣಗಿದ ಮೇಲೆ ಸುತ್ತಿ ದಾರ ಕಟ್ಟಿದೆ. ಎರಡೂವರೆಗೆ ಜೀಪು ಬಂತು, ಹೋಯಿತು. ಅಂದು ಸಂಜೆ ಮನೆಯಲ್ಲಿ ನಾನೇ ಅಡುಗೆ ಮಾಡಿಕೊಂಡು ಹೊಟ್ಟೆ ತುಂಬ ಉಂಡೆ.

ಮಂಗಳವಾರ ನಾಲ್ಕು ಗಂಟೆಗೆ ಕೊಟ್ರಪ್ಪನವರ ಜೀಪು ಅಂಗಳಕ್ಕೆ ನುಗ್ಗಿದ ಸದ್ದಿಗೇ ನನಗೆ ಗೊತ್ತಾಯಿತು. ಬಾಗಿಲು ಹಾಕಿದ ಸದ್ದು ಬೇರೆ ಥರ ಇತ್ತು. ಅವರು ನಮ್ಮ ಕೋಣೆಗೇ ಬಂದರು, ಕೈಯಲ್ಲಿ ನಕ್ಷೆಯ ಸುರುಳಿ. ಅದನ್ನು ನನ್ನ ಮೇಜಿನ ಮೇಲೆ ಬಿಚ್ಚಿ ಒಗೆದರು.

"ಇದೇನ್ರಿ ಕರಿಬಸಪ್ಪ? ಹೋಗೂ ಹೊಲಕ್ಕೆಲ್ಲ ಹಸರು ಬಳದೀರಿ, ಬಿಡೂ ತ್ವಾಟಕ್ಕೆಲ್ಲ ಕೆಂಪು! ಊರ ಜನದ ಮುಂದ, ದೊಡ್ಡ ಅಧಿಕಾರಿಗಳ ಮುಂದ ನನ್ನ ಮಾರಿ ತಗದ್ರಿ! ಯಮನೂರಮ್ಮ ಅಂತ ಒಬ್ಬ ಮುದುಕಿ, ತನ್ನ ನಿಂಬಿ ತ್ವಾಟ ಕೆಂಪಾಗಿದ್ದ ನೋಡಿ ಚಾವಡ್ಯಾಗ ಎಚ್ಚರ ತಪ್ಪಿ ಬಿದ್ಲು. ನೀರ ಹೊಡದು ಎಬ್ಬಿಸಿದ್ವಿ. ಯಾರ್ರಿ ಇದಕ್ಕ ಬಣ್ಣ ಹಚ್ಚಿದ್ದು?"

ನಾನು ನಕ್ಷೆಯನ್ನು ನೋಡಿದೆ. ನಿನ್ನೆ ಇದ್ದ ಹಾಗೆಯೇ ಇತ್ತು. ನನ್ನ ಕಣ್ಣಿಗೆ ಅದರಲ್ಲಿ ಯಾವ ತಪ್ಪೂ ಕಾಣಲಿಲ್ಲ. ಕಣ್ಣ ಮುಂದೆ ಇರುವ ತಪ್ಪು ಕಾಣದಿರುವಾಗ ಆಗುವ ಹೆದರಿಕೆ ಇದೆಯಲ್ಲ, ಅದನ್ನು ನಾನು ಯಾರಿಗೂ ತಿಳಿಸಿ ಹೇಳಲಾರೆ. ಐವತ್ತು ದಾಟಿದವರ ಪಟ್ಟಿ ಕಣ್ಣ ಮುಂದೆ ಬಂತು, ಅದರ ಮೊದಲ ಸಾಲಿನಲ್ಲಿ ನನ್ನದೇ ದುಂಡಗಿನ ಅಕ್ಷರದಲ್ಲಿ ನನ್ನ ಹೆಸರು.

"ಬಾಷಾಬಿ ಹಚ್ಚ್ಯಾಳ್ರಿ" ಎಂದೆ.

ಅಷ್ಟು ಸಲೀಸಾಗಿ ಬಂತು ಆ ಮಾತು. "ನಾ ಬಸ್ಸಿನ್ಯಾಗ ಬಂದು ದಣದಿದ್ದೆ. ಹಚ್ಚವ್ವಾ ಅಂತ ಕೊಟ್ಟೆ. ತಿರಗಿ ನೋಡಬೇಕಿತ್ತು, ಅದು ನನ್ನ ತಪ್ಪು."

ಬಾಷಾಬಿ ಎದ್ದು ನಿಂತಳು. "ಇಲ್ರಿ ಸಾಹೇಬ್ರ! ನಾ ತಾಟ ಅಷ್ಟ ತುಂಬೀನ್ರಿ. ನಕ್ಷಾಕ್ಕ ಕೈ ಹಚ್ಚಿಲ್ರಿ. ನಾ ಊಟಕ್ಕ ಮನಿಗೆ ಹೋಗಿದ್ನಿ, ನಮ್ಮ ಅವ್ವನ್ನ ಕೇಳ್ರಿ ಬೇಕಾದ್ರ."

"ಅವ್ವನ್ನ ಕೇಳ್ಬೇಕೇನು!" ಎಂದರು ಸಾಹೇಬರು.

ಅವಳು ನನ್ನ ಕಡೆ ತಿರುಗಿದಳು. ಕಣ್ಣಲ್ಲಿ ನೀರು ತುಂಬಿತ್ತು, ಆದರೂ ದನಿ ಗಟ್ಟಿಯಾಗಿತ್ತು.

"ಸರ್, ನೀವ ಹಚ್ಚೀರಿ. ನಿಮಗ ಕೆಂಪು ಹಸರು ತಿಳಿಯಂಗಿಲ್ಲಾ. ನಾ ಎರಡು ಸಲ ನೋಡೀನ್ರಿ. ಕೆಂಪು ಪೆನ್ಸಿಲ್ ಬೇಡಿದ್ರ ಮರತು ಹಸರು ಕೊಟ್ಟಿದ್ನಿ, ನೀವು ಹಂಗ ಬರ್ಕೋತ ಹೋದ್ರಿ. ನಾ ಯಾರ ಮುಂದನೂ ಅಂದಿಲ್ಲ. ಕೆಂಪು ಹೆಚ್ಚು ಬೇಕಾಕೈತಿ, ಬ್ರಶ್ಶಿಗೆ ಸಮೀಪ ಇರ್ಲಿ ಅಂತ ಈ ಸಲ ಜಾಗಾ ಬದಲ ಮಾಡೀನ್ರಿ. ನೀವು ಜಾಗಾ ಹಿಡದು ಹಚ್ಚತೀರಂತ ನನಗ ಹೊಳೀಲಿಲ್ರಿ. ನಿಮಗ ಅದು ಕಂಡಿಲ್ಲ, ಅಷ್ಟ ಆಗಿದ್ದು."

ಗಾದಿಲಿಂಗಪ್ಪ ಬಾಗಿಲಲ್ಲಿ ಬಂದು ನಿಂತಿದ್ದ. ಇಪ್ಪತ್ತಾರು ವರ್ಷ ನಾನು ಕಾದಿದ್ದ ಗಳಿಗೆ ಇದೇ. ಕನಸಿನಲ್ಲಿ ಎಷ್ಟೋ ಸಲ ಬಂದಿತ್ತು, ಆದರೆ ಇಷ್ಟು ಬಿಸಿಲಿನಲ್ಲಿ, ಇಷ್ಟು ಸಣ್ಣ ಹುಡುಗಿಯ ಬಾಯಿಂದ ಬರುತ್ತದೆಂದು ಅಂದುಕೊಂಡಿರಲಿ­ಲ್ಲ.

ಕೊಟ್ರಪ್ಪನವರು ನನ್ನ ಮುಖವನ್ನೇ ನೋಡಿದರು. ಆಮೇಲೆ ತಾಟನ್ನು ಎಳೆದು ನನ್ನ ಮುಂದೆ ಇಟ್ಟರು.

"ಕರಿಬಸಪ್ಪ, ಕೆಂಪು ಯಾವುದು, ಬೆರಳಿಟ್ಟು ತೋರ್ಸ್ರಿ."

ಆರು ಕುಳಿಗಳು. ಐದು, ಆರು, ಅದೇ ಕೆಸರು. ಕಣ್ಣಿಗೆ ಏನೂ ತಿಳಿಯಲಿಲ್ಲ. ಆದರೆ ಹೆದರಿಕೆಗೆ ಒಂದು ಬುದ್ಧಿ ಇರುತ್ತದೆ. ಹೋಗುವ ಹೊಲಕ್ಕೆ ನಾನು ಹಚ್ಚಿದ್ದು ಐದನೆಯ ಕುಳಿಯಿಂದ. ಅದು ಹಸಿರಾಯಿತು ಎಂದು ಸಾಹೇಬರು ಈಗ ತಾನೇ ಬೈದಿದ್ದಾರೆ. ಜಾಗ ಬದಲಿಸಿದ್ದೇನೆ ಎಂದು ಅವಳೇ ಹೇಳಿದ್ದಾಳೆ. ಹಾಗಾದರೆ ಕೆಂಪು ಇರುವುದು ಆರನೆಯದರಲ್ಲಿ. ನನ್ನನ್ನು ಹಿಡಿಯಲು ಬಂದ ಮಾತುಗಳೇ ನನಗೆ ಉತ್ತರ ಹೇಳಿಕೊಟ್ಟಿದ್ದವು.

ಆರನೆಯ ಕುಳಿಯ ಮೇಲೆ ಬೆರಳಿಟ್ಟೆ. "ಇದು ಕೆಂಪು" ಎಂದೆ. ಐದರ ಮೇಲೆ ಇಟ್ಟೆ. "ಇದು ಹಸರು. ಇನ್ನ ಹಳದಿ, ನೀಲಿನೂ ತೋರ್ಸಬೇಕೇನ್ರಿ?" ಎಂದು ಸಿಟ್ಟು ಬಂದವನ ಹಾಗೆ ಕೇಳಿದೆ.

ಸಾಹೇಬರು ತಲೆ ಅಲ್ಲಾಡಿಸಿದರು. ಗಾದಿಲಿಂಗಪ್ಪ ನಿಟ್ಟುಸಿರು ಬಿಟ್ಟ. ಬಾಷಾಬಿ ತಾಟನ್ನು ನೋಡಿದಳು, ನನ್ನ ಬೆರಳನ್ನು ನೋಡಿದಳು.

"ತಪ್ಪು ಮಾಡಿದ್ದಕ್ಕ ಬಿಟ್ಟೇನು. ಹಿರ್ಯಾರ ಮ್ಯಾಲ ಹಿಂಥಾ ಸುಳ್ಳು ಹಾಕ್ತಿಯಲ್ಲ, ಅದಕ್ಕ ಬಿಡಂಗಿಲ್ಲ" ಎಂದರು ಕೊಟ್ರಪ್ಪನವರು. "ನಾಳೆಯಿಂದ ಬರಬ್ಯಾಡ." ನನಗೆ ಹೊಸ ನಕ್ಷೆ ಎರಡು ದಿನದಲ್ಲಿ ಆಗಬೇಕೆಂದು ಹೇಳಿ, ಹೊರಟರು.

ಅಂದು ಐದು ಗಂಟೆಗೆ ಎಲ್ಲರೂ ಬೇಗ ಬೇಗ ಎದ್ದುಹೋದರು. ಯಾರೂ ಅವಳೊಂದಿಗೆ ಮಾತಾಡಲಿಲ್ಲ. ಆ ಕಾಲದಲ್ಲಿ ಕೆಲಸ ಕಳೆದುಕೊಂಡವರ ಹತ್ತಿರ ನಿಲ್ಲುವುದೂ ಅಂಟುರೋಗದ ಹಾಗೆ ಆಗಿತ್ತು. ನಾನು ಮಾತ್ರ ಕುರ್ಚಿಯಲ್ಲೇ ಉಳಿದೆ. ಅವಳು ತನ್ನ ಊಟದ ಡಬ್ಬಿ, ಸ್ಕೇಲು, ಪೆನ್ನು ಎಲ್ಲ ಚೀಲಕ್ಕೆ ಹಾಕಿಕೊಂಡಳು. ಆಮೇಲೆ ನನ್ನ ಮೇಜಿನ ಹತ್ತಿರ ಬಂದು, ಕೈಯಿಂದ ಎರಡು ಗಾಜಿನ ಬಳೆ ಕಳಚಿ ನನ್ನ ಮುಂದೆ ಇಟ್ಟಳು.

"ಸರ್, ಇಲ್ಲೆ ಯಾರೂ ಇಲ್ರಿ. ಇವು ಒಂದು ಕೆಂಪು, ಒಂದು ಹಸರು. ಯಾವುದು ಹಸರು, ಹೇಳ್ರಿ."

ನಾನು ಬಳೆಗಳನ್ನು ನೋಡಿದೆ. ಎರಡೂ ಒಂದೇ ಅಳತೆ, ಎರಡೂ ಒಂದೇ ಬಣ್ಣ.

"ನಾ ಯಾರ ಮುಂದನೂ ಅನ್ನಂಗಿಲ್ರಿ, ಖುದಾನ ಆಣಿ" ಎಂದಳು. "ಕೆಲಸ ಹೋತು, ಹೋಗ್ಲಿ ಬಿಡ್ರಿ. ಆದ್ರ ನೀವು ಬರೋಬ್ಬರಿ ಕೆಂಪಿನ ಮ್ಯಾಲ ಬೆರಳಿಟ್ರಿ. ನಾ ಹಿರ್ಯಾರ ಮ್ಯಾಲ ಸುಳ್ಳು ಹೇಳಿದ್ನೇನೋ ಅಂತ ಜೀವ ಹಾರಾಕತ್ತೈತಿ. ಮನಿಗೆ ಹೋಗಿ ನಮ್ಮ ಅವ್ವಗ ಏನ ಹೇಳ್ಲಿ? ತಿಳಿಯಂಗಿಲ್ಲ ಅಂತ ನನಗೊಬ್ಬಾಕಿಗೆ ಹೇಳ್ರಿ, ಸಾಕು."

ಹೇಳಿದ್ದರೆ ನನಗೆ ಏನೂ ಆಗುತ್ತಿರಲಿಲ್ಲ. ಅವಳ ಮಾತನ್ನು ಇನ್ನು ಯಾರೂ ನಂಬುವ ಹಾಗಿರಲಿಲ್ಲ, ಅದನ್ನು ನಾನೇ ಮಾಡಿ ಮುಗಿಸಿದ್ದೆ. ಒಂದೇ ಒಂದು ಮಾತು. ನಾಲಿಗೆಯ ತುದಿಗೆ ಬಂದಿತ್ತು, ದೇವರಾಣೆ ಬಂದಿತ್ತು. ಅಷ್ಟರಲ್ಲಿ ನನ್ನ ಕಣ್ಣು ಬಾಗಿಲ ಕಡೆ ಹೋಯಿತು, ಗಾದಿಲಿಂಗಪ್ಪ ಜಗಲಿಯ ಮೇಲೆ ಇದ್ದಾನೇನೋ ಎಂದು. ಅಲ್ಲಿ ಅವನೂ ಇರಲಿಲ್ಲ.

"ಹೊತ್ತಾತು, ಮನಿಗೆ ಹೋಗವ್ವಾ" ಎಂದೆ.

ಅವಳು ಬಳೆಗಳನ್ನು ಎತ್ತಿಕೊಂಡು ಒಂದಾದ ಮೇಲೆ ಒಂದು ಕೈಗೆ ಏರಿಸುತ್ತ ಬಾಗಿಲು ದಾಟಿದಳು. ಕೆಂಪನ್ನು ಮೊದಲು ಏರಿಸಿದಳೋ ಹಸಿರನ್ನೋ, ನನಗೆ ಕಾಣಲಿಲ್ಲ.